ಹಿಡಿ ನಮ್ಮದು, ಅಲಗು ಜರ್ಮನಿದು? ಫಿರಂಗಿ ಕತ್ತಿ ಗುರುತಿಸೋದು ಹ್ಯಾಂಗ

ಕೋಟೆಕೆರೆ (ಬೆಳಗಾವಿ)

ನಮಸ್ಕಾರ್ರಿ. ಖಂಡೇ ಪೂಜಾಕ್ಕ ಹೊರಗ ತೆಗೆಯೋ ಮನಿ ಕತ್ತಿ ಬಗ್ಗೆ ತಿಳಿದವರು ಹೇಳ್ರಿ. ನೇರ ಅಲಗು, 84 ಸೆಂ.ಮೀ. ಉದ್ದ, ಹಿಡಿ ಹತ್ರ 3.6 ಸೆಂ.ಮೀ. ಅಗಲ. ಒಂದ ಕಡೆ ಬಾಯಿ, ಮೊನಿಯಿಂದ ಒಂದು ಗೇಣಿನಷ್ಟು ಮಾತ್ರ ಬೆನ್ನೂ ಹರಿತ ಅದ. ಎರಡೂ ಮಗ್ಗಲಕ್ಕ ಉದ್ದಕ ಎರಡೆರಡು ಸಣ್ಣ ಕಾಲುವೆ. ಹಿಡಿ ಖಂಡೇದ್ದು: ಬೆರಳು ಮುಚ್ಚೋ ಅಗಲ ಪಟ್ಟಿ, ತುದಿಗೆ ತಟ್ಟೆ, ತಟ್ಟೆ ಮ್ಯಾಲೆ ಉದ್ದನ ಮುಳ್ಳು. ಅಲಗಿನ ಮ್ಯಾಲೆ ಓಡೋ ನಾಯಿ ಹಂಗ ಕಾಣೋ ಗೀಟಿನ ಚಿತ್ರ ಕೊರದಾರ, ಅದರಾಗ ಹಿತ್ತಾಳಿ ತುಂಬ್ಯಾರ. ಪಕ್ಕಕ್ಕ 1414 ಅಂತ ಅದ.

ಒಬ್ರು ಇದು ಜರ್ಮನಿದು, 1414ನೇ ಇಸವಿದು ಅಂತಾರ. ಇನ್ನೊಬ್ರು ರಾಜಸ್ಥಾನದ ಹೊಸ ಮಾಲು ಅಂತಾರ. ಯಾವುದು ನಂಬೋದ್ರಿ? ಹುಣಸೆಹಣ್ಣು ಹಚ್ಚಿ ತಿಕ್ಕಿದ್ರ ಜಂಗು ಹೋಗ್ತದ ಅಂತ ಮನ್ಯಾಗ ಹೇಳ್ತಾರ, ತಿಕ್ಕಲೋ ಬ್ಯಾಡೋ?

ಮೊನೆ (ವಿಜಯಪುರ)

ಮೊದಲು ತಿಕ್ಕೋದು ನಿಲ್ಲಸ್ರಿ. ಉಳಿದದ್ದು ಆಮೇಲೆ.

ನೀವು ಹೇಳಿದ ಲಕ್ಷಣಕ್ಕ ಫಿರಂಗಿ ಅಂತಾರ. ಅಲಗು ಯುರೋಪಿನದು, ಹಿಡಿ ಇಲ್ಲಿಯದು. 1510ರಲ್ಲಿ ಗೋವಾ ಆದಿಲಶಾಹಿಗಳ ಕೈಯಿಂದ ಪೋರ್ಚುಗೀಸರ ಕೈಗೆ ಹೋದ ಮ್ಯಾಲೆ ಪಶ್ಚಿಮದ ಅಲಗುಗಳು ಹಡಗಿನಾಗ ಬಂದು ದಖ್ಖನದ ಪ್ಯಾಟಿಗೆ ಇಳಿದವು. ಜರ್ಮನಿಯ ಸೋಲಿಂಗೆನ್, ಸ್ಪೇನಿನ ತೊಲೆದೊ, ಇಟಲಿಯ ಜಿನೋವಾ ಕಡೆಯ ಮಾಲು. ಇಲ್ಲಿಯ ಕಮ್ಮಾರರು ಅವಕ್ಕ ಖಂಡೇ ಹಿಡಿ ಕೂಡಿಸಿದರು. 2025ರ ಏಪ್ರಿಲ್‌ದಾಗ ಲಂಡನ್ನಿನ ಹರಾಜಿನೊಳಗ ಮಹಾರಾಷ್ಟ್ರ ಸರ್ಕಾರ ಪಡೆದ, ನಾಗಪುರದ ಮರಾಠಾ ದೊರೆ ರಘೂಜಿ ಭೋಸಲೆಯ ಖಡ್ಗನೂ ಇದೇ ಜಾತಿ.

ನಿಮ್ಮ "ನಾಯಿ" ನಾಯಿ ಅಲ್ಲ, ತೋಳ. ಮೂಲದಾಗ ಜರ್ಮನಿಯ ಪಾಸೌ ಊರಿನ ಮುದ್ರೆ, ಆಮೇಲೆ ಸೋಲಿಂಗೆನ್ ಕಮ್ಮಾರರು ಎತ್ತಿಕೊಂಡರು. ಉಳಿಯ ನಾಲ್ಕಾರು ಹೊಡೆತದಾಗ ಮುಗಿಯೋ ಚಿತ್ರ, ಅದಕ್ಕ ಹಿತ್ತಾಳಿ ತುಂಬತಿದ್ದರು. 1414 ಇಸವಿ ಅಲ್ರಿ. ಆ ಅಂಕಿ 1600ರ ಆಸುಪಾಸಿನ ಸೋಲಿಂಗೆನ್ ಅಲಗುಗಳ ಮ್ಯಾಲೂ ತೋಳದ ಜೊತೆಗೆ ಸಿಗ್ತದ. ಅದನ್ನ ನಂಬಿ ಕತ್ತಿಗೆ ಎರಡು ಶತಮಾನ ಹೆಚ್ಚಿನ ವಯಸ್ಸು ಕಟ್ಟೋರು ಭಾಳ ಮಂದಿ.

ಆದ್ರ ಮುದ್ರೆ ಒಂದನ್ನ ನೋಡಿ ಜರ್ಮನಿದು ಅನಬ್ಯಾಡ್ರಿ. ಯುರೋಪಿನ ಬ್ಯಾರೆ ಊರಿನವರೂ ತೋಳ ಕೊರದಾರ. ಯುರೋಪಿನ ಅಲಗಿನ ಮ್ಯಾಲೆ ಸಿಗೋ ಇನ್ನೊಂದು ಗುರುತು, ಹಲ್ಲಿರೋ ಜೋಡಿ ಕುಡಗೋಲು, ಅದನ್ನ ನಮ್ಮ ದೇಶದ ಕಮ್ಮಾರರೇ ಯಥೇಚ್ಛ ನಕಲು ಮಾಡ್ಯಾರ. ಲ್ಯಾಟಿನ್ ಅಕ್ಷರ ಬಾರದವರು ಕೊರೆದಾಗ ಅಕ್ಷರ ತಿರುವುಮುರುವು ಆಗ್ತಾವ, ಬರೀ ಗೀಟು ಸಾಲಾಗಿ ನಿಲ್ತಾವ. ಅದಕ್ಕ ಮುದ್ರೆಯನ್ನ ಕಡೀಗೆ ನೋಡೋದು, ಕಟ್ಟೋಣ ಮೊದಲು.

ದಪ್ಪದಿಂದ ಶುರು ಮಾಡ್ರಿ. ವರ್ನಿಯರ್ ಕ್ಯಾಲಿಪರ್ ತಗೊಂಡು ಬೆನ್ನಿನ ದಪ್ಪ ಮೂರು ಕಡೆ ಅಳೀರಿ: ಹಿಡಿಯಿಂದ ಇಳಿದು ಅಲಗನ್ನ ಅಪ್ಪಿದ ಪಟ್ಟಿ ಮುಗಿದು 2 ಸೆಂ.ಮೀ. ಮುಂದ, ನಟ್ಟನಡುವೆ, ಮೊನಿಯಿಂದ 10 ಸೆಂ.ಮೀ. ಹಿಂದ. ಕೆಲಸ ಮಾಡೋ ಕತ್ತಿ ಹಿಡಿ ಹತ್ರ 5 ಮಿ.ಮೀ. ಆಸುಪಾಸು ಇದ್ದು, ಮೊನಿ ಕಡೆ ಅರ್ಧಕ್ಕ ಇಳೀತದ. ಹೊಸ ಮಾಲನ್ನ ಪಟ್ಟಿ ಕಬ್ಬಿಣ ಇಲ್ಲಾ ಗಾಡಿಯ ಕಮಾನು ಪಟ್ಟಿ ಕತ್ತರಿಸಿ ಮಾಡಿರ್ತಾರ, ಹಿಂದ ಮುಂದ ಒಂದೇ ದಪ್ಪ. ಹಂಗಾಗಿ ತೂಕ ಎಲ್ಲಾ ಮುಂದಕ್ಕ ಜಗ್ಗತದ, ಕೈ ಸೋಲತದ.

ಆಮೇಲೆ ಹಿಡಿ ಮತ್ತು ಅಲಗು ಕೂಡೋ ಜಾಗ. ಹಿಡಿಯಿಂದ ಇಳಿದು ಅಲಗನ್ನ ಎರಡೂ ಕಡೆ ಅಪ್ಪಿದ ಉಕ್ಕಿನ ಪಟ್ಟಿ ಇರ್ತಾವಲ್ಲ, ಅವನ್ನ ರಿವೆಟ್ ಹೊಡೆದು ಬಿಗಿದಿರ್ತಾರ. ಅಲಗಿನ ಕಾಲುವೆ ಆ ಪಟ್ಟಿಯ ಅಡಿಗೆ ನುಸುಳಿ ಹೋಗ್ತದೇನು ನೋಡ್ರಿ. ಬರಹದ ತುದಿ ಪಟ್ಟಿ ಕೆಳಗ ಅರ್ಧ ಮುಚ್ಚಿದ್ರ ಇನ್ನೂ ಚಲೋ: ಬರಹ ಮೊದಲು, ಹಿಡಿ ಆಮೇಲೆ ಬಂತು ಅಂತ ಅರ್ಥ. ಪಟ್ಟಿಯ ಅಂಚಿಗೆ ವೆಲ್ಡಿಂಗ್ ಗಂಟು, ಉಜ್ಜಿ ಸಾಪ ಮಾಡಿದ ಗುರುತು ಕಂಡ್ರ ಹಿಡಿಯನ್ನ ಈ ಕಾಲದಾಗ ಕೂಡಿಸ್ಯಾರ. ಅಲಗು ಹಳೇದು ಇರಬಹುದು, ಜೋಡಿ ಹೊಸದು.

ಕಡೀಗೆ ಅಕ್ಕಸಾಲಿಗರ 10 ಪಟ್ಟಿನ ಭೂತಗನ್ನಡಿ. ಹಳೇ ಜಂಗಿನ ಕುಳಿ ಒಂದೊಂದು ಒಂದೊಂದು ಆಳ, ತಳ ಕಪ್ಪು. ಆಸಿಡ್ ಹಾಕಿ ಹಳೇದು ಮಾಡಿದ್ದಾದ್ರ ಕುಳಿಗಳೆಲ್ಲಾ ಒಂದೇ ಸಮ ಬೂದಿ ಬಣ್ಣ, ಕೊರೆದ ಗೀಟಿನ ಅಂಚೂ ಅಷ್ಟೇ ಸಮ ತಿಂದಿರ್ತದ. ತೋಳದಾಗಿನ ಹಿತ್ತಾಳಿ ಹಳದಿ ಹೋಗಿ ತಾಮ್ರದ ಕೆಂಪಿಗೆ ತಿರುಗಿದ್ರ ಅನುಮಾನ ಪಡ್ರಿ. ಆಸಿಡ್ ಹಿತ್ತಾಳಿಯೊಳಗಿನ ಸತುವನ್ನ ಮೊದಲು ತಿಂತದ.

ಘಟಪ್ರಭೆ (ಬಾಗಲಕೋಟೆ)

ತುಕ್ಕಿನ ವಿಷಯ ನಾನು ಹೇಳ್ತೀನಿ. ಹುಣಸೆಹಣ್ಣು, ನಿಂಬೆ, ಹಿತ್ತಾಳೆ ಪಾಲಿಶ್, ಗ್ರೈಂಡರಿನ ತಂತಿ ಬ್ರಷ್ ಯಾವುದೂ ಬೇಡ. ಹುಣಸೆಯ ಹುಳಿ ತುಕ್ಕನ್ನಷ್ಟೇ ಅಲ್ಲ, ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಹಿಡಿಯ ಮೇಲೆ ಕೋಫ್ತಗಾರಿ ಇದ್ದರೆ, ಅಂದರೆ ಕಬ್ಬಿಣವನ್ನು ಗೀರಿ ಅದರ ಮೇಲೆ ಚಿನ್ನ ಬೆಳ್ಳಿಯ ತಂತಿ ಬಡಿದಿದ್ದರೆ, ತಳದ ಗೀರು ಕರಗಿ ಚಿನ್ನ ಪದರ ಪದರವಾಗಿ ಎದ್ದು ಬರುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ.

ಕಂದು ಅಥವಾ ಕಪ್ಪು ಬಣ್ಣದ ಗಟ್ಟಿ ಪದರ ಇದ್ದರೆ ಅದನ್ನು ಮುಟ್ಟಬೇಡಿ, ಅದು ಅಲಗನ್ನು ಕಾಯುತ್ತದೆ. ತೆಗೆಯಬೇಕಾದದ್ದು ಬೆರಳಿಗೆ ಅಂಟುವ ಕೆಂಪು ಪುಡಿ ತುಕ್ಕು ಮಾತ್ರ. ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿಯಲ್ಲಿ ತೆಳ್ಳಗೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಬಿದಿರಿನ ಸೀಳು ಅಥವಾ ತಾಮ್ರದ ತೆಳು ತಗಡಿನ ಅಂಚಿನಿಂದ ಅಲಗಿನ ಉದ್ದಕ್ಕೆ ಕೆರೆಯಿರಿ, ಅಡ್ಡಕ್ಕೆ ಬೇಡ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ. ಹಟ ಹಿಡಿದ ಜಾಗಕ್ಕೆ ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್, ಅದೂ ಎಣ್ಣೆಯೊಂದಿಗೆ. ತೋಳ ಮತ್ತು ಅಂಕಿಯ ಸುತ್ತ ಎರಡು ಬೆರಳಿನಷ್ಟು ಜಾಗ ಬಿಟ್ಟುಬಿಡಿ.

ಎಣ್ಣೆ ಒರೆಸಲು ಸ್ಪಿರಿಟ್ ಬಳಸುವವರು ಹಿಡಿಯಿಂದ 5 ಸೆಂ.ಮೀ. ದೂರದಲ್ಲೇ ನಿಲ್ಲಿಸಬೇಕು. ಹಿಡಿಯೊಳಗೆ ಅರಗು ತುಂಬಿದ್ದರೆ ಸ್ಪಿರಿಟ್ ಅದನ್ನು ಕರಗಿಸುತ್ತದೆ, ಅಲಗು ಅಲ್ಲಾಡತೊಡಗುತ್ತದೆ. ಬಿಸಿಲಿಗೆ ಇಡುವುದೂ ಇದೇ ಕಾರಣಕ್ಕೆ ತಪ್ಪು. ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣ ತೆಳ್ಳಗೆ ಎರಡು ಸಲ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಹಚ್ಚಬೇಡಿ. ದಿನ ಕಳೆದಂತೆ ಜಿಗುಟಾಗಿ ದೂಳು ಹಿಡಿಯುತ್ತವೆ, ಕಮಟಿದ ಎಣ್ಣೆಯ ಹುಳಿ ಲೋಹಕ್ಕೆ ತಗಲುತ್ತದೆ.

ಬೆಳಗಾವಿಯ ಮಳೆಗಾಲ ವಿಜಯಪುರದ ಹಾಗಲ್ಲ, ತಿಂಗಳುಗಟ್ಟಲೆ ಗಾಳಿಯಲ್ಲೇ ತೇವ. ಕತ್ತಿಯನ್ನು ಮಖಮಲ್ಲಿನ ಒರೆಯಲ್ಲಿ ಇಡಬೇಡಿ, ಬಟ್ಟೆ ಮತ್ತು ಚರ್ಮ ತೇವ ಹೀರಿ ಅಲಗಿಗೆ ಕೊಡುತ್ತವೆ. ಒರೆ ಬೇರೆ, ಕತ್ತಿ ಬೇರೆ ಇರಲಿ. ಮುಚ್ಚಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ.

ಕೋಟೆಕೆರೆ (ಬೆಳಗಾವಿ)

ಅಳದೆ ನೋಡ್ರಿ: 5.3, 3.9, 2.4 ಮಿ.ಮೀ. ಕಾಲುವೆ ಎರಡೂ ಪಟ್ಟಿ ಅಡಿಗೆ ಹೋಗ್ಯಾವ. ಹಿತ್ತಾಳಿ ಮಾಸಿದ ಹಳದಿ. ಪಟ್ಟಿಗೆ ಮೂರು ರಿವೆಟ್, ಅದರಾಗ ಒಂದು ಬ್ಯಾರೆ ಬಣ್ಣ, ತಲಿ ದೊಡ್ಡದದ. ಖಂಡೇ ಪೂಜಿಗೆ ಅರಿಷಿಣ ಕುಂಕುಮ ಹಚ್ಚಲೇಬೇಕಲ್ರಿ, ಅದಕ್ಕೇನು ಮಾಡೋದು?

ಮೊನೆ (ವಿಜಯಪುರ)

ದಪ್ಪ ಇಳಿದ ರೀತಿ ಚಲೋ ಅದ, ಕಾಲುವೆನೂ ಹೊಂದ್ತದ. ಅಲಗು ಹೊಸ ಮಾಲಲ್ಲ, ಹಳೇದು ಅನ್ನಾಕ ಈಗ ಬಲವಾದ ಆಧಾರ ಸಿಕ್ಕಂಗಾತು. ಬ್ಯಾರೆ ಬಣ್ಣದ ರಿವೆಟ್ ಅಂದ್ರ ಎಂದೋ ಸಡಿಲಾಗಿ ದುರಸ್ತಿ ಮಾಡ್ಯಾರ, ದಿನಾ ಬಳಸಿದ ಕತ್ತಿಗೆ ಅದು ಸಹಜ. ಅದನ್ನ ಬಿಚ್ಚಿಸಿ "ಜೋಡಿ" ರಿವೆಟ್ ಹಾಕಿಸಬ್ಯಾಡ್ರಿ, ದುರಸ್ತಿನೂ ಆ ಕತ್ತಿಯ ಚರಿತ್ರೆನೇ. ಅಲಗನ್ನ ಬಗ್ಗಿಸಿ ಪರೀಕ್ಷಾ ಮಾಡೋದೂ ಬ್ಯಾಡ. ಒಳಗ ಬೆಸುಗೆ ಬಿಟ್ಟಿದ್ರ ಪಟ್ ಅಂತ ಮುರೀತದ.

ಘಟಪ್ರಭೆ (ಬಾಗಲಕೋಟೆ)

ಪೂಜೆಗೆ ಮುಂಚೆ ಮೇಣದ ಒಂದು ಕೈ ಕೊಡಿ. ಅರಿಶಿನ ಕುಂಕುಮವನ್ನು ನೀರಲ್ಲಿ ಕಲಸದೆ ಒಣಗಿದ್ದನ್ನೇ ಇಡಿ, ಅದೂ ಹಿಡಿಯ ಚಿನ್ನದ ಕೆಲಸ ಬಿಟ್ಟು. ನಿಂಬೆಹಣ್ಣನ್ನು ಮೊನೆಗೆ ಚುಚ್ಚುವ ಬದಲು ಕತ್ತಿಯ ಮುಂದೆ ತಟ್ಟೆಯಲ್ಲಿಡಿ. ಹೂವನ್ನು ಅಲಗಿನ ಮೇಲೆ ರಾತ್ರಿಯಿಡೀ ಬಿಡಬೇಡಿ, ಹೂವಿನ ಆಕಾರದಲ್ಲೇ ತುಕ್ಕು ಕೂರುತ್ತದೆ. ಬನ್ನಿ ಮುಡಿದು ಬಂದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಮತ್ತೆ ಮೇಣ. ಬರಿಗೈಯಲ್ಲಿ ಅಲಗು ಮುಟ್ಟಿದವರ ಬೆವರಿನ ಉಪ್ಪೂ ಸಾಕು ಬೆರಳಚ್ಚು ಮೂಡಿಸಲು.

ಖಡೇಬಜಾರ (ಬೆಳಗಾವಿ)

ಕಾಯ್ದೆ ಕಡೆಯಿಂದ ಎರಡು ಮಾತು. 100 ವರ್ಷ ದಾಟಿದ ಕತ್ತಿ 1972ರ ಪುರಾವಸ್ತು ಕಾಯ್ದೆಗೆ ಬರ್ತದ. ಖಾಸಗಿಯವರು ಅದನ್ನ ಪರದೇಶಕ್ಕ ಮಾರಿ ಕಳಸೋಹಂಗಿಲ್ಲ, ವ್ಯಾಪಾರಕ್ಕ ಲೈಸೆನ್ಸ್ ಬೇಕು. 9 ಇಂಚು ಮೀರಿದ ಅಲಗಿನ ಕತ್ತಿ 2016ರ ಶಸ್ತ್ರ ನಿಯಮದ ಪಟ್ಟಿಯಾಗೂ ಅದ, ಹಂಗಾಗಿ ಮನ್ಯಾಗ ಇಟ್ಟುಕೊಳ್ಳೋ ಬಗ್ಗೆ ನಿಮ್ಮ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ವಿಭಾಗದಾಗ ಒಮ್ಮೆ ಕೇಳಿಕೊಳ್ರಿ. ಅಳತೆ, ತೂಕ, ಮುದ್ರೆಯ ಫೋಟೊ, ಹಿಡಿಯ ಎರಡೂ ಮಗ್ಗಲ ಫೋಟೊ ಒಂದು ಹಾಳಿಗೆ ಸೇರಿಸಿ ಇಡ್ರಿ. ಫೋಟೊ ತೆಗೆಯೋವಾಗ ಬೆಳಕು ಒಂದೇ ಮಗ್ಗಲಿನಿಂದ ಓರೆಯಾಗಿ ಬೀಳಲಿ, ಪಕ್ಕಕ್ಕ ಸ್ಕೇಲ್ ಇರಲಿ. ಎದುರಿನಿಂದ ಫ್ಲ್ಯಾಶ್ ಹಾಕಿದ್ರ ಆ ತೋಳ ಕಾಣಂಗೇ ಇಲ್ಲ.