ಎವೆಶಮ್ ಕದನ, 1265: ಮಣ್ಣಿನ ಮಾದರಿಯಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು?

ಬೇತ್ರಿಹೊಳೆ:
ವಿರಾಜಪೇಟೆಯಲ್ಲಿ ಪಿಯುಸಿ ಮಕ್ಕಳಿಗೆ ತೋರಿಸಲು 4 ಅಡಿಗೆ 3 ಅಡಿ ಹಲಗೆಯ ಮೇಲೆ ಈ ಕದನದ ಮಾದರಿ ಮಾಡಬೇಕು. ಏವನ್ ನದಿ ಇಂಗ್ಲೆಂಡಿನ ಎವೆಶಮ್ ಊರನ್ನು ಬಳಸಿ ಹರಿಯುತ್ತದೆ ಅಂತ ಗೊತ್ತು. ದೊರೆಯ ವಿರುದ್ಧ ಬಂಡೆದ್ದ ಸಾಮಂತರ ನಾಯಕ ಸೈಮನ್ ಡಿ ಮಾಂಟ್‌ಫರ್ಟ್ ಸೇತುವೆ ದಾಟಿ ಪಾರಾಗದೆ ಗುಡ್ಡದ ಕಡೆಗೇ ನುಗ್ಗಿದ್ದು ಯಾಕೆ?

ಕಡಂಗ:
ಹಲವರು ಮಾಡುವ ತಪ್ಪೆಂದರೆ ಊರಿನ ಸುತ್ತ ಪೂರ್ತಿ ನೀರು ತೋರಿಸುವುದು. ಅದು ಕಾವೇರಿ ನಿಸರ್ಗಧಾಮದ ಹಾಗೆ ದ್ವೀಪವಲ್ಲ. ಪೂರ್ವ, ದಕ್ಷಿಣ, ಪಶ್ಚಿಮಕ್ಕೆ ನದಿ. ಉತ್ತರ ಮಾತ್ರ ಬಯಲು. ಅಲ್ಲಿ ನೆಲ ಏರುತ್ತಾ ಗ್ರೀನ್ ಹಿಲ್ ಆಗುತ್ತದೆ. ಎದುರಾಳಿಗಳಾದ ರಾಜಕುಮಾರ ಎಡ್ವರ್ಡ್ (ದೊರೆಯ ಮಗ) ಮತ್ತು ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್ ನಿಂತದ್ದು ಆ ಏರಿನಲ್ಲಿ. ಪೂರ್ವದ ಬೆಂಗ್‌ವರ್ತ್ ಸೇತುವೆಯ ಕಡೆ ಎಡ್ವರ್ಡ್ ಪಕ್ಷದ ರೋಜರ್ ಮಾರ್ಟಿಮರ್‌ನ ಪಡೆಯನ್ನಿಡಿ. ಅವನು ಅಲ್ಲಿದ್ದ ಮೇಲೆ ಆ ದಾರಿ ಮುಚ್ಚಿದಂತೆಯೇ. ಮಳೆಗಾಲದಲ್ಲಿ ಬೇತ್ರಿ ಸೇತುವೆ ಮುಳುಗಿದರೆ ಆಚೆ ಈಚೆ ಎಂಥಾ ಕಷ್ಟ ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

100 ಜನಕ್ಕೆ ಒಂದು ಕಾಳು ಅಂತ ಲೆಕ್ಕ ಹಾಕಿ. ಮಾಂಟ್‌ಫರ್ಟ್‌ಗೆ 50 ಕರಿಮೆಣಸು, ಎಡ್ವರ್ಡ್‌ಗೆ 80ರಿಂದ 100 ಕಾಫಿ ಬೀಜ. ಇದು ಸಾಮಾನ್ಯವಾಗಿ ಕೊಡುವ ಅಂದಾಜು ಮಾತ್ರ. ಮೆಣಸನ್ನು ಹರಡಬೇಡಿ, ಈಟಿಯ ಮೊನೆಯಂತೆ ಒತ್ತೊತ್ತಾಗಿ ಜೋಡಿಸಿ. ಎದುರಿನ ಎರಡು ಪಡೆಗಳು ಕೂಡುವ ಜಾಗವನ್ನು ಸೀಳಿಕೊಂಡು ಹೋಗುವುದು ಅವನ ಲೆಕ್ಕ. ಸೀಳಲು ಆಗಲಿಲ್ಲ. ಎರಡೂ ಬದಿ ಮಡಚಿ ಅವನನ್ನು ಸುತ್ತಿಕೊಂಡವು. ಅವನ ಕಡೆಯ ವೇಲ್ಸಿನ ಕಾಲಾಳುಗಳು ಹಿಂದಿದ್ದರು, ಮೊದಲೇ ಚದುರಿ ಓಡಿದರು.

ಹಾರಂಗಿ:
ಕಡಂಗ ಅವರು ನೆಲದ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಆದರೆ ಸೋಲು ಶುರುವಾದದ್ದು ಎವೆಶಮ್‌ನಲ್ಲಲ್ಲ, ಮಾಂಟ್‌ಫರ್ಟ್‌ನ ಕೋಟೆಯಿದ್ದ ಕೆನಿಲ್‌ವರ್ತ್‌ನಲ್ಲಿ. ಅವನ ಮಗ, ಅದೇ ಹೆಸರಿನ ಸೈಮನ್, ಅಲ್ಲಿಂದ ದಂಡು ತರಬೇಕಿತ್ತು. ಅವನ ಜನ ಕೋಟೆಯೊಳಗೆ ಸೇರದೆ ಹೊರಗೆ ಊರಲ್ಲಿ ಮಲಗಿದ್ದರು. ಎಡ್ವರ್ಡ್ ರಾತ್ರಿಯೆಲ್ಲ ನಡೆದು ಬೆಳಗಿನ ಜಾವ ಮೇಲೆ ಬಿದ್ದ, ಬಾವುಟಗಳನ್ನೂ ಕಿತ್ತುಕೊಂಡ.

ಆಗಸ್ಟ್ 4ರ ಬೆಳಗ್ಗೆ ಆ ಬಾವುಟಗಳನ್ನೇ ಮುಂದೆ ಹಿಡಿಸಿದ. ದೂರದಿಂದ ನೋಡಿದವರಿಗೆ ಮಗನೇ ಬಂದ ಹಾಗೆ ಕಂಡಿತು. ನಿಕೊಲಸ್ ಎಂಬ ಕ್ಷೌರಿಕ ಮಠದ ಗೋಪುರ ಹತ್ತಿ ನೋಡಿದ ಮೇಲೇ ಅವು ಶತ್ರುವಿನವು ಅಂತ ಗೊತ್ತಾದದ್ದು. ಅಷ್ಟು ಹೊತ್ತಿಗೆ ಉತ್ತರದ ದಾರಿ ಕಟ್ಟಿಹೋಗಿತ್ತು. ಗೋಪುರವನ್ನು ಮರೆಯದೆ ಇಡಿ, ಬಾವುಟಕ್ಕೆ ಎರಡು ಮುಖ ಮಾಡಿ: ಒಂದು ಕಡೆ ಕೆಂಪು ಬಟ್ಟೆಯ ಮೇಲೆ ಮಾಂಟ್‌ಫರ್ಟ್ ಮನೆತನದ ಸೀಳು ಬಾಲದ ಬಿಳಿ ಸಿಂಹ, ಇನ್ನೊಂದು ಕಡೆ ಎಡ್ವರ್ಡ್‌ನ ಮೂರು ಚಿನ್ನದ ಸಿಂಹ. ಮಕ್ಕಳೇ ತಿರುಗಿಸಲಿ.

ಬೇತ್ರಿಹೊಳೆ:
ದೊರೆ 3ನೇ ಹೆನ್ರಿಯನ್ನು ಎಡ್ವರ್ಡ್ ಕಡೆಗೇ ಇಡಬೇಕಲ್ಲವೇ? ಅಪ್ಪ ಮಗ ಅಲ್ಲವೇ?

ಕಡಂಗ:
ಇಲ್ಲ, ಮೆಣಸಿನ ಮಧ್ಯೆ ಇಡಿ. 1264ರ ಲೂಯಿಸ್ ಕದನದಿಂದ ಅವನು ಮಾಂಟ್‌ಫರ್ಟ್‌ನ ಸೆರೆಯಲ್ಲಿದ್ದ. ಆ ದಿನ ಯಾರದೋ ಕವಚ ತೊಡಿಸಿದ್ದರಿಂದ ಮಗನ ಕಡೆಯವರಿಗೇ ಗುರುತು ಸಿಗದೆ ಭುಜಕ್ಕೆ ಪೆಟ್ಟು ತಿಂದ. ತಾನೇ ದೊರೆ ಅಂತ ಕೂಗಿಕೊಂಡ ಮೇಲೆ ಎಳೆದು ಉಳಿಸಿಕೊಂಡರು. ಮಾಂಟ್‌ಫರ್ಟ್ ಅಲ್ಲೇ ಸತ್ತ, ಶವವನ್ನೂ ಕಡಿದು ತುಂಡು ಮಾಡಿದರು. ಹೆನ್ರಿಗೆ ಬೇರೆ ಬಣ್ಣದ ಕಾಳಿರಲಿ, ಏಲಕ್ಕಿಯಾದರೂ ಆದೀತು.