ಮಣ್ಣಿನ ಕೆಲಸ: ನಿಮ್ಮ ಪ್ರಶ್ನೆಗೆ ಕುಂಬಾರರ ಉತ್ತರ

ದಾವಣಗೆರೆಯಿಂದ: ಅಣ್ಣಾ, ತಿಗರಿ (ಕುಂಬಾರರ ಚಕ್ರ) ಇಲ್ಲದೆ ಮನೆಯಲ್ಲಿ ಶುರು ಮಾಡಬಹುದಾ?

ಉತ್ತರ: ಧಾರಾಳವಾಗಿ. ಮಣ್ಣನ್ನು ಚೆನ್ನಾಗಿ ನಾದಿ, ಗಾಳಿ ಹೋಗಲಿ. ಉಂಡೆ ಮಾಡಿ ನಡುವೆ ಹೆಬ್ಬೆರಳು ಒತ್ತಿ, ತಿರುಗಿಸುತ್ತಾ ಚಿವುಟಿದರೆ ಬಟ್ಟಲು. ಕೈ ಪಳಗಿದ ಮೇಲೆ ಮಣ್ಣನ್ನು ಉದ್ದಕ್ಕೆ ಹೊಸೆದು ಸುತ್ತು ಸುತ್ತಾಗಿ ಏರಿಸಿ. ಸುತ್ತುಗಳನ್ನು ಒಳಗಿಂದ ಬೆರಳಲ್ಲಿ ಸವರಿ ಬೆಸೆಯಿರಿ.

ಹರಿಹರದಿಂದ: ಕಪ್ಪಿನ ಹಿಡಿಕೆ ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ.

ಉತ್ತರ: ಎರಡೂ ಕಡೆ ಗೀರಿ, ಮಣ್ಣಿನ ರಾಡಿ ಹಚ್ಚಿ ಒತ್ತಿ. ಎರಡೂ ಒಂದೇ ಹದದಲ್ಲಿರಬೇಕು.

ಚಳ್ಳಕೆರೆಯಿಂದ: ಹೊಲದ ಎರೆ ಮಣ್ಣಲ್ಲಿ ಕುಡಿಕೆ ಮಾಡಿದೆ. ಸುಟ್ಟಾಗ ಚೆನ್ನಾಗಿತ್ತು. ವಾರ ಬಿಟ್ಟು ನೋಡಿದರೆ ಚಕ್ಕೆ ಎದ್ದಿದೆ. ಫೋಟೋ ಹಾಕಿದ್ದೇನೆ.

ಉತ್ತರ: ಒಳ್ಳೆ ಫೋಟೋ ತಮ್ಮಾ. ಪ್ರತಿ ಕುಳಿಯ ತಳದಲ್ಲೂ ಸಾಸಿವೆಯಷ್ಟು ಬಿಳಿ ಕಾಳು ಕಾಣುತ್ತಿದೆ ಅಲ್ವಾ? ಅದು ಸುಣ್ಣಕಲ್ಲು. ನಮ್ಮ ಕಡೆಯ ಎರೆ ಹೊಲಗಳಲ್ಲಿ ಮಾಮೂಲು. ಮಡಿಕೆ ಸುಡುವ ಆವಿಗೆಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಹೊರಗೆ ಬಂದ ಮೇಲೆ ಗಾಳಿಯ ತೇವ ಎಳೆದುಕೊಂಡು ಅರಳುತ್ತದೆ, ಮೇಲಿನ ಮಣ್ಣನ್ನು ಹಾರಿಸುತ್ತದೆ. ಅದಕ್ಕೇ ವಾರ ತಡವಾಗಿ ಗೊತ್ತಾಗಿದ್ದು. ಸುಡದ ಮಣ್ಣಲ್ಲಿ ಸಿಗುವ ಬಿಳಿ ಹರಳಿನ ಮೇಲೆ ನಿಂಬೆ ಹಿಂಡಿ ನೋಡಿ. ನೊರೆ ಬಂದರೆ ಖಾತ್ರಿ. ಮುಂದಿನ ಸಲ ಮಣ್ಣು ನೆನೆಸಿ, ಕದಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಬರೀ ಎರೆ ಒಣಗುವಾಗ ಜಾಸ್ತಿ ಕುಗ್ಗಿ ಬಿರಿಯುತ್ತದೆ, ಸಣ್ಣ ಮರಳು ಬೆರೆಸಿ. ಮಾಡಿದ್ದನ್ನು ಇಲ್ಲಿ ತೋರಿಸಿ, ನನಗೂ ನೋಡಬೇಕು.

ಒಬ್ಬ ಸದಸ್ಯರು: ಕೆರೆ ಮಣ್ಣು ಇರುವಾಗ ಎರೆ ಯಾಕೆ ಸ್ವಾಮಿ?

ಇನ್ನೊಬ್ಬರು: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಮಡಿಕೆ ಚೂರು ಸಿಕ್ಕಿವೆ. ಅವರೇನು ಕೆರೆ ಹುಡುಕಿಕೊಂಡು ಹೋದರಾ?

ಮೊದಲಿನವರು: ಚೂರು ನೋಡಿ ಮಣ್ಣು ಎಲ್ಲಿಯದು ಅಂತ ಹೇಳ್ತೀರಾ? ಭಾರಿ ಕಣ್ಣು!

ಹೊಸದುರ್ಗದಿಂದ: ಗ್ರೂಪಿಗೆ ಬಂದದ್ದು: 'ಹಸಿ ಮಡಿಕೆಗೆ ಮೊಸರು ಸವರಿ ಗ್ಯಾಸ್ ಒಲೆ ಮೇಲೆ ಅರ್ಧ ಗಂಟೆ ಇಟ್ಟರೆ ಸಾಕು, ಆವಿಗೆ ಬೇಡ.' ನಿಜವಾ?

ಉತ್ತರ: ಇಡಬೇಡಿ. ಒಳಗಿನ ನೀರು ಆವಿಯಾಗಿ ಮಡಿಕೆ ಸಿಡಿಯುತ್ತದೆ. ಚೂರು ಕಣ್ಣಿಗೆ ಬಡಿದರೆ ಫಾರ್ವರ್ಡ್ ಮಾಡಿದವರು ಆಸ್ಪತ್ರೆಗೆ ಬರಲ್ಲ. ಮತ್ತೆ ನೀರಿಗೆ ಕರಗದಂತೆ ಆಗಲು ಮಣ್ಣು 600 ಡಿಗ್ರಿ ದಾಟಬೇಕು. ಮೊಸರು ಊಟಕ್ಕೆ ಇರಲಿ.

ಮಾಯಕೊಂಡದಿಂದ: ಸರ್, ಹಿಡಿಕೆ ನಿಲ್ಲುತ್ತಿಲ್ಲ.

ಉತ್ತರ: ಮೇಲೆ ಓದಿ.

ಜಗಳೂರಿನಿಂದ: ಸೋಸಿದ ಮಣ್ಣನ್ನು ಎಷ್ಟು ದಿನ ಇಡಬೇಕು?

ಚಂದ್ರವಳ್ಳಿಯವರು: ನಮ್ಮ ಅಜ್ಜ ಆವಿಗೆ ಹಾಕುತ್ತಿದ್ದವರು. ನನಗೆ ಮಣ್ಣು ಹೇಳಿಕೊಡಬೇಡಿ.

ಕೆರೆ ಮಣ್ಣಿನವರು: ಅಜ್ಜ ಹಾಕುತ್ತಿದ್ದರು. ನೀವು?

ಉತ್ತರ: ಇಬ್ಬರೂ ಬೇರೆ ಕಡೆ ಜಗಳ ಆಡಿಕೊಳ್ಳಿ. ನನಗೆ ಆವಿಗೆ ತುಂಬುವುದಿದೆ.

ಹೊಸದುರ್ಗದಿಂದ: ಮೊಸರಿನ ಬದಲು ಮಜ್ಜಿಗೆ ಆಗುತ್ತಾ?