ಹೇಡ್‌ವಿಗ್ ಹೆಸರಿನ ಬಗ್ಗೆ ಅಕ್ಕನಿಗೊಂದು ಉದ್ದನೆಯ ವಾಯ್ಸ್

ಹಲೋ, ಅಕ್ಕ, ಭಾವ, ಮಾವ, ಎಲ್ಲರೂ ಕೇಳಿಸ್ಕೊಳ್ಳಿ. ಟೈಪ್ ಮಾಡೋಕೆ ಕೂತ್ರೆ ಇವತ್ತು ಮುಗಿಯಲ್ಲ, ಅದಕ್ಕೆ ವಾಯ್ಸ್ ಹಾಕ್ತಿದೀನಿ. ಉದ್ದ ಆಗುತ್ತೆ, ಸೊಪ್ಪು ಬಿಡಿಸ್ತಾ ಕೇಳಿ.

ಬೆಳಗ್ಗೆಯಿಂದ ಗ್ರೂಪಲ್ಲಿ 70 ಮೆಸೇಜು! ಪುಟ್ಟಿ ಪಾಪ ಹಸಿ ಬಾಣಂತಿ, 5 ದಿನದ ಕೂಸನ್ನ ಮಡಿಲಲ್ಲಿಟ್ಕೊಂಡು ಒಂದೇ ಒಂದು ಸಾಲು ಬರೆದಳು. 'ಮಗೂಗೆ ಹೇಡ್‌ವಿಗ್ ಅಂತ ಇಡ್ತೀವಿ, ಇವರ ಮುತ್ತಜ್ಜಿ ಹೆಸರು' ಅಂತ, ಅಂದ್ರೆ ಅವಳ ಜರ್ಮನ್ ಗಂಡನ ಮುತ್ತಜ್ಜಿ. ಅಷ್ಟಕ್ಕೇ ಅಕ್ಕ, ನೀನು 'ಅಯ್ಯೋ, ಮನೇಲಿ ಹೇಡಿ ಅಂತ ಕರೀತಾರಂತಲ್ಲೇ' ಅಂತ ಅಳೋ ಮುಖ ಹಾಕಿದೆ. ಮಾವ ಅದರರ್ಥ ಯುದ್ಧ ಅಂತ ಎಲ್ಲಿಂದಲೋ ಹುಡುಕಿ ತಂದ್ರು. ಹುಡುಗ್ರು ಬಿಳಿ ಗೂಬೆ ಸ್ಟಿಕ್ಕರ್ ಹಾಕಿದ್ರು, ಆ ಹ್ಯಾರಿ ಪಾಟರ್ ಅನ್ನೋ ಮಂತ್ರವಾದಿ ಹುಡುಗನ ಕಥೇಲಿ ಗೂಬೆಗೆ ಇದೇ ಹೆಸರಲ್ವಾ. ಗೂಬೆ ವಿಷಯ ಬಿಡಿ, ಇಲ್ಲಿ ಜರ್ಮನಿಯ ಶಾಲೆ ಮಕ್ಕಳಿಗೆ ಗೂಬೆ ಅಂದ್ರೆ ಮುದ್ದು, ನಮ್ಮ ಥರ ಬೈಗುಳ ಅಲ್ಲ.

ಮಾವ, ನೀವು ಹೇಳಿದ್ದು ಸರಿ. ಹಳೇ ಜರ್ಮನ್ ಭಾಷೇಲಿ 'ಹಡು' ಅಂದ್ರೂ ಕಾದಾಟ, 'ವಿಗ್' ಅಂದ್ರೂ ಕಾದಾಟ. ಜಗಳ-ಜಗಳ ಅಂತ ಹೆಸರಿಟ್ಟ ಹಾಗೆ. ಆದ್ರೆ ಇವರ ಹಳೇ ಹೆಸರೆಲ್ಲ ಹೀಗೇ, ಎರಡು ತುಂಡು ಸೇರಿಸಿ ಮಾಡಿದ್ದು. ಗೆರ್ಟ್ರೂಡ್ ಅಂದ್ರೆ ಈಟಿ ಮತ್ತು ಬಲ. ಮಟಿಲ್ಡೆ ಅಂದ್ರೆ ಶಕ್ತಿ ಮತ್ತು ಕದನ. ಆಗಿನವರು ಎಷ್ಟೋ ಸಲ ಅರ್ಥ ಕೂಡುತ್ತೋ ಇಲ್ವೋ ಅಂತ ನೋಡ್ತಾನೇ ಇರ್ಲಿಲ್ಲ. ಅಪ್ಪನ ಹೆಸರಿಂದ ಒಂದು ತುಂಡು, ಅಮ್ಮನ ಹೆಸರಿಂದ ಒಂದು ತುಂಡು ತೆಗೆದು ಮಗೂಗೆ ಅಂಟಿಸೋರು. ಇಂಗ್ಲೆಂಡಲ್ಲಿ 11ನೇ ಶತಮಾನದಲ್ಲಿ ವುಲ್ಫ್‌ಸ್ಟನ್ ಅಂತ ಒಬ್ಬ ಬಿಷಪ್ ಇದ್ರು. ಅವರ ತಾಯಿ ವುಲ್ಫ್‌ಗಿಫು, ತಂದೆ ಎಥೆಲ್‌ಸ್ಟನ್. ನಮ್ಮ ಬೆಂಗಳೂರು ಹುಡುಗ್ರು ಈಗ ಗಂಡನ ಒಂದಕ್ಷರ ಹೆಂಡತಿಯ ಒಂದಕ್ಷರ ಸೇರಿಸಿ ಯಾರಿಗೂ ಅರ್ಥವಾಗದ ಹೆಸರು ಕಟ್ತಾರಲ್ಲ, ಅದೇ ಕಸುಬು.

ಇನ್ನೊಂದು ಮಾತು, ಮಾವ. ನಮ್ಮಜ್ಜಿ ಹೆಸರೇನು? ನಂಜಮ್ಮ. ನಂಜು ಅಂದ್ರೆ ವಿಷ. 'ವಿಷಮ್ಮಾ, ಕಾಫಿ ಕೊಡಿ' ಅಂತ ಯಾರಾದ್ರೂ ಅಂದ್ಕೊಂಡು ಕರೆದ್ರಾ? ನಮಗೆ ಕೇಳಿಸಿದ್ದು ನಂಜನಗೂಡು, ನಂಜುಂಡೇಶ್ವರ, ಅಜ್ಜಿಯ ಕೈತುತ್ತು. ತಿಪ್ಪಮ್ಮ, ಕಲ್ಲಮ್ಮ, ಗುಂಡಪ್ಪ, ಇವನ್ನೆಲ್ಲ ಅರ್ಥ ನೋಡಿ ಇಟ್ರಾ? ಹಾಗೇ ಇಲ್ಲಿ ಹೇಡ್‌ವಿಗ್ ಅಂದ್ರೆ ಯಾರಿಗೂ ಕತ್ತಿ ಕಾಣಲ್ಲ. ಕಾಣೋದು ಒಬ್ಬ ಸಂತಳು. 1174ರಲ್ಲಿ ಬವೇರಿಯಾದಲ್ಲಿ ಹುಟ್ಟಿ ಸಿಲೇಸಿಯಾ ಸೀಮೆಗೆ ಮದುವೆಯಾಗಿ ಹೋದವಳು, ಅಲ್ಲಿ ಆಳ್ತಿದ್ದ ಡ್ಯೂಕ್‌ನ ಹೆಂಡತಿ. ಚಳೀಲೂ ಬರಿಗಾಲಲ್ಲೇ ಓಡಾಡೋಳಂತೆ. ಪಾದ್ರಿ 'ಚಪ್ಪಲಿ ಇಟ್ಕೋಬೇಕು' ಅಂತ ಕಟ್ಟಪ್ಪಣೆ ಮಾಡಿದ್ರೆ, ಸರಿ ಅಂತ ಕಂಕುಳಲ್ಲಿ ಇಟ್ಕೊಂಡು ನಡೆದಳಂತೆ! ಹಿರಿಯರ ಮಾತು ಮೀರಲೂ ಇಲ್ಲ, ತನ್ನ ಹಟ ಬಿಡಲೂ ಇಲ್ಲ. ನಮ್ಮ ಪುಟ್ಟಿ ಮಗಳಿಗೆ ಸರಿಯಾಗೇ ಇದೆ. ಬರ್ಲಿನ್‌ನಲ್ಲಿ ಅವಳ ಹೆಸರಿನ ದೊಡ್ಡ ಚರ್ಚಿದೆ, 18ನೇ ಶತಮಾನದ್ದು. ಪೋಲೆಂಡಿನಲ್ಲಿ ಇದೇ ಹೆಸರು ಯಾದ್ವಿಗಾ. 1384ರಲ್ಲಿ ಒಬ್ಬ ಯಾದ್ವಿಗಾಗೆ ಪಟ್ಟ ಕಟ್ಟುವಾಗ ರಾಣಿ ಅನ್ನದೆ 'ರಾಜ' ಅಂತಲೇ ಕಟ್ಟಿದ್ರು.

ತಡೀರಿ, ಬಾಗಿಲು ಬೆಲ್ಲು… ಪಾರ್ಸಲ್ಲು. ಪಕ್ಕದ ಮನೇದು, ನನ್ನ ಕೈಗೇ ಕೊಟ್ಟು ಹೋಗ್ತಾರೆ. ಹಾಂ, ಎಲ್ಲಿದ್ದೆ?

'ಇಷ್ಟು ಹಳೇ ಹೆಸರಾ' ಅಂದ್ರಲ್ಲ ಭಾವ. ನಾನು ನ್ಯೂರೆಂಬರ್ಗಿಗೆ ಬಂದು 22 ವರ್ಷ. ಆಗ ಫ್ರೀಡಾ, ಈಡಾ, ಮಟಿಲ್ಡಾ ಇವನ್ನೆಲ್ಲ ನಾನು ಹೆಚ್ಚಾಗಿ ಓದಿದ್ದು ಸಮಾಧಿ ಕಲ್ಲಿನ ಮೇಲೆ. ಈಗ ಆಟದ ಮೈದಾನದಲ್ಲಿ 'ಫ್ರೀಡಾ' ಅಂತ ಕೂಗಿದ್ರೆ ಎರಡು ಮಕ್ಕಳು ತಿರುಗಿ ನೋಡ್ತಾವೆ. ಎಮ್ಮಾ ಅಂತೂ ಎಷ್ಟೋ ವರ್ಷದಿಂದ ಮೊದಲ ಸಾಲಲ್ಲೇ ಇದೆ. ಅಮ್ಮನ ವಯಸ್ಸಿನವರ ಹೆಸರು ಯಾರಿಗೂ ಬೇಡ, ಹೆಲ್ಗಾ, ರೆನಾಟೆ ಅಂತ ಯಾರೂ ಇಡಲ್ಲ. ಮುತ್ತಜ್ಜಿ ಹೆಸರು ಮಾತ್ರ ತಿರುಗಿ ಹೊಸದಾಗುತ್ತೆ. ನಮ್ಮಲ್ಲೂ ಅಷ್ಟೇ ತಾನೆ, ಸರೋಜ, ವಿಮಲ ಅಂತ ಈಗ ಯಾರು ಇಡ್ತಾರೆ? ಗಾರ್ಗಿ, ಮೈತ್ರೇಯಿ, ವೈದೇಹಿ ಅಂದ್ರೆ ಎಲ್ಲರೂ 'ಆಹಾ' ಅಂತಾರೆ.

ಹಳೇದರಲ್ಲೂ ನೋಡಿ ಆರಿಸಬೇಕು, ಅದನ್ನ ಒಪ್ತೀನಿ. ಪುಟ್ಟಿ ಬ್ರುನ್‌ಹಿಲ್ಡೆ ಅಂದಿದ್ರೆ ನಾನೇ ಬೇಡ ಅಂತಿದ್ದೆ. ಹಿಟ್ಲರ್ ಕಾಲದವರು ತಲೆ ಮೇಲೆ ಹೊತ್ತು ಮೆರೆಸಿದ ವೀರಗಾಥೆಯ ಹೆಸರು ಕೆಲವಿವೆ, ಈಗಲೂ ಇಲ್ಲಿಯವರಿಗೆ ಅವನ್ನ ಕೇಳಿದ್ರೆ ಒಂಥರಾ ಮುಜುಗರ. ಹೇಡ್‌ವಿಗ್‌ಗೆ ಆ ಕಾಟ ಇಲ್ಲ, ಸಂತಳ ನೆರಳಿದೆ.

ಆಮೇಲೆ ಆ ಮುತ್ತಜ್ಜಿ. ಅಕ್ಕ, ನಿನಗೆ ಇದು ಗೊತ್ತಿಲ್ಲ ಅನ್ಸುತ್ತೆ, ಬೀಗಿತ್ತಿ ನನಗೆ ಮದುವೆ ದಿನ ಹೇಳಿದ್ದು. ಆಕೆ ಅದೇ ಸಿಲೇಸಿಯಾದ ಬ್ರೆಸ್ಲಾವ್ ಹತ್ರದ ಹಳ್ಳಿಯವರು. ಯುದ್ಧ ಮುಗಿದ ಮೇಲೆ ಆ ಸೀಮೆ ಪೋಲೆಂಡಿಗೆ ಹೋಯ್ತು, ಊರು ಈಗ ವ್ರೊತ್ಸ್ವಾಫ್. ಅಲ್ಲಿದ್ದ ಜರ್ಮನ್ನರನ್ನೆಲ್ಲ ಹೊರಗೆ ಕಳಿಸಿದ್ರು. 1946ರಲ್ಲಿ ಎರಡು ಮಕ್ಕಳು, ಒಂದು ಗಂಟು, ಗೂಡ್ಸ್ ರೈಲಲ್ಲಿ ಬಂದ್ರಂತೆ. ಮನೆ ಹೋಯ್ತು, ಹೊಲ ಹೋಯ್ತು, ಫೋಟೋ ಸಹ ಉಳೀಲಿಲ್ಲ. ಆ ಊರ ಸಂತಳ ಹೆಸರೊಂದು ಜೊತೇಲಿ ಬಂತು. ಅಳಿಯಂದಿರು ಅದನ್ನ ಕೇಳ್ತಿದ್ರೆ ನಾವು ಗೂಬೆ ಸ್ಟಿಕ್ಕರ್ ಹಾಕ್ತೀವಾ?

ಮಾವ 'ಕಿರಣ್ ಅಂತ ಇಡಿ, ಎರಡು ದೇಶಕ್ಕೂ ಆಗುತ್ತೆ' ಅಂದ್ರಲ್ಲ, ನಗು ಬಂತು. ಆ ಹೆಸರೇ ಇಲ್ಲಿ ಕೋರ್ಟಿಗೆ ಹೋಗಿತ್ತು! ಭಾರತೀಯ ಮೂಲದ ಒಂದು ಕುಟುಂಬ ಮಗಳಿಗೆ ಕಿರಣ್ ಅಂತ ಇಟ್ರೆ, ಹೆಸರು ನೋಂದಾಯಿಸೋ ಕಚೇರಿಯವರು 'ಹೆಣ್ಣೋ ಗಂಡೋ ಗೊತ್ತಾಗಲ್ಲ, ಆಗಲ್ಲ' ಅಂದ್ರು. ಕಡೆಗೆ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ 2008ರಲ್ಲಿ ಇಡಬಹುದು ಅಂತ ತೀರ್ಪು ಕೊಡ್ತು. ಹಾಗಾಗಿ ಈಗ ಅಡ್ಡಿಯೇನಿಲ್ಲ. ಆದ್ರೆ ಅವರು ಕೇಳಿದ್ದು ಅದನ್ನಲ್ಲ.

ಈಗ ಹೇಡಿ. ಅಕ್ಕ, ಇದೊಂದರಲ್ಲಿ ನಾನು ನಿನ್ನ ಕಡೆ. ಕಾಗದದ ಮೇಲಿರೋ ಹೆಸರು ವರ್ಷಕ್ಕೆ ನಾಲ್ಕು ಸಲ ಬರುತ್ತೆ, ಕರೆಯೋ ಹೆಸರು ದಿನಕ್ಕೆ ನೂರು ಸಲ. ಇಲ್ಲಿ ಹೇಡ್‌ವಿಗ್‌ನ ಚಿಕ್ಕದು ಮಾಡಿ ಹೇಡಿ ಅಂತಲೇ ಕರೆಯೋದು, ನಿಜ. ವಿಯೆನ್ನಾದಲ್ಲಿ 1914ರಲ್ಲಿ ಹುಟ್ಟಿದ ಒಬ್ಬ ಹೇಡ್‌ವಿಗ್ ಅಮೆರಿಕಕ್ಕೆ ಹೋಗಿ ಹೆಡಿ ಲಮಾರ್ ಅಂತ ಸಿನಿಮಾ ತಾರೆ ಆದಳು. ಶತ್ರುಗಳು ತಡೆಯದ ಹಾಗೆ ರೇಡಿಯೋ ಸಂದೇಶವನ್ನ ಅಲೆಯಿಂದ ಅಲೆಗೆ ಜಿಗಿಸೋ ಉಪಾಯಕ್ಕೆ 1942ರಲ್ಲಿ ಇನ್ನೊಬ್ಬರ ಜೊತೆ ಪೇಟೆಂಟೂ ತಗೊಂಡಳು. ಆ ಹೇಡಿ ಗಟ್ಟಿಗಿತ್ತಿ. ಆದ್ರೂ ಬೇಸಿಗೆ ರಜೇಲಿ ಮೈಸೂರಿಗೆ ಬಂದ ಮಗೂನ ನೀನು 'ಹೇಡೀ, ಬಾರೇ ಊಟಕ್ಕೆ' ಅಂತ ಕರೆದ್ರೆ ಬೀದಿಯಲ್ಲಿ ಪ್ರತಿಯೊಬ್ಬರಿಗೂ ಈ ಪೇಟೆಂಟ್ ಕಥೆ ಹೇಳ್ತಾ ಕೂರೋಕಾಗುತ್ತಾ?

ಅದಕ್ಕೇ ಮಧ್ಯಾಹ್ನ ಪುಟ್ಟಿಗೆ ಫೋನ್ ಮಾಡಿದೆ. ಅವಳಿಗೂ ಅದು ಹೊಳೆದಿದೆ, ಪಾಪ, ಗಂಡನಿಗೆ ಹೇಗೆ ಹೇಳೋದು ಅಂತ ಸುಮ್ಮನಿದ್ಲು. ಹೇಳು ಅಂದೆ. ಹೇಡಿ ಅಂದ್ರೆ ಕನ್ನಡದಲ್ಲಿ ಏನು ಅಂತ ಕೇಳಿ ಅಳಿಯಂದಿರು ಬಿದ್ದು ಬಿದ್ದು ನಕ್ಕರಂತೆ. ಹೇಡ್‌ವಿಗ್ ಅಂತ ಪೂರ್ತಿ ಕರೆಯೋದು, ಇಲ್ಲ ಎರಡನೇ ಹೆಸರು ಹಿಡಿದು ಕರೆಯೋದು ಅಂತ ಆಗಿದೆ. ಎರಡನೇದು ಏನು ಅಂತ ಇನ್ನೂ ತೀರ್ಮಾನ ಆಗಿಲ್ಲ, ಅಕ್ಕ. ಅದು ನಿನ್ನ ಪಾಲು, ಯೋಚನೆ ಮಾಡು. ಇಲ್ಲಿ ಹುಟ್ಟಿದ್ದನ್ನ ವಾರದೊಳಗೆ ತಿಳಿಸಬೇಕು, ಹೆಸರು ಕೊಡೋಕೆ ಮಾತ್ರ ತಿಂಗಳ ತನಕ ಟೈಮಿದೆ. ನಾಳೆ ಇವಳು ದೊಡ್ಡವಳಾಗಿ ಯಾವ ಹೆಸರು ಮೊದಲು ಬರಬೇಕು ಅಂತ ಬದಲಾಯಿಸ್ಕೊಳ್ಳೋಕೂ ಕಾನೂನಿದೆ, 2018ರಿಂದ.

12ನೇ ದಿನ ನಾಮಕರಣ ಅಂತ ಇಟ್ಕೊಂಡಿದ್ದಾರೆ, ವಿಡಿಯೋ ಕಾಲ್ ಹಾಕ್ತಾರೆ. ಹೇಗಿದ್ರೂ ನಮ್ಮಲ್ಲಿ ನಕ್ಷತ್ರದ ಹೆಸರು, ಮಾಸದ ಹೆಸರು, ವ್ಯವಹಾರದ ಹೆಸರು ಅಂತ ಮೂರ್ನಾಲ್ಕು ಹೇಳ್ತೀವಲ್ಲ, ಇದು ವ್ಯವಹಾರದ ಹೆಸರು ಅಂದ್ಕೊಳ್ಳಿ. ಕಿವೀಲಿ ನೀನು ನಂಜಮ್ಮ ಅಂತ ಹೇಳಿದ್ರೂ ಯಾರೂ ಬೇಡ ಅನ್ನಲ್ಲ. ಅಕ್ಕಿ ಮೇಲೆ ಉಂಗುರದಲ್ಲಿ ಬರೆಯೋದು ಅಳಿಯಂದಿರೇ ಅಂತೆ, ಕನ್ನಡದಲ್ಲೇ ಬರೀತೀನಿ ಅಂತ ನೆನ್ನೆಯಿಂದ ಅಭ್ಯಾಸ ಮಾಡ್ತಿದ್ದಾರೆ. 'ಹೇ' ಬಂದಿದೆಯಂತೆ, 'ಡ್' ಮೇಲಿನ ಕೊಕ್ಕೆಯಲ್ಲೇ ಸಿಕ್ಕಿಹಾಕ್ಕೊಂಡಿದ್ದಾರೆ. ಭಾವ, ನೀವು ಒಂದು ಹಾಳೆ ಮೇಲೆ ದೊಡ್ಡದಾಗಿ ಬರೆದು ಫೋಟೋ ಕಳಿಸಿ.